ನಡುಗಿದ್ದು ಕೈಯಲ್ಲ, ಕುಣಿದದ್ದು ಮಾವ

ಸಾಗರದ ಪಕ್ಕದ ಇಕ್ಕೇರಿ ನಿಮಗೆ ಗೊತ್ತಿರಬಹುದು. ಕೆಳದಿ ಅರಸರ ರಾಜಧಾನಿಯಾಗಿದ್ದ ಊರು. ಅಲ್ಲಿನ ಅಘೋರೇಶ್ವರ ದೇವಸ್ಥಾನದ ಎದುರಿನ ನಂದಿಯನ್ನು ಒಮ್ಮೆ ಸಂಜೆ ಕತ್ತಲಾಗುವ ಹೊತ್ತಿಗೆ ಕ್ಲಿಕ್ಕಿಸಿದ್ದೆ. ಟ್ರೈಪಾಡ್ ಇರಲಿಲ್ಲ. ಶಟರ್ 1/8 ಸೆಕೆಂಡ್. ಆದ್ರೂ ನಂದಿಯ ಕೊರಳ ಸರದ ಒಂದೊಂದು ಗೆರೆಯೂ ಚೂಪಾಗಿ ಬಂತು. ಕ್ಯಾಮೆರಾ ಜೊತೆ ಬಂದ ಝೂಮ್ ಲೆನ್ಸಿನ ಸ್ಟೆಬಿಲೈಸೇಶನ್ ಮಹಿಮೆ!

ಅದೇ ಧೈರ್ಯದಲ್ಲಿ ಆ ರಾತ್ರಿ ಮಾವನ ಯಕ್ಷಗಾನಕ್ಕೆ ಹೋದೆ. ಮುನ್ನೂರು ಫೋಟೊ ತೆಗೆದೆ. ರಂಗಸ್ಥಳದ ಕಂಬ, ಭಾಗವತರ ಮುಂಡಾಸು ಎಲ್ಲ ಸ್ಪಷ್ಟ. ಮಾವ ಮಾತ್ರ ಕೆಂಪು ಹೊಗೆ!

"ತಮಾ, ಒಂದ್ರಲ್ಲೂ ಮುಖನೇ ಕಾಣ್ತಿಲ್ಯಲೋ" ಅಂದ್ರು. ಮಂಡಿನೋವು ಜಾಸ್ತಿಯಾಗಿ ಆಮೇಲೆ ಅವರು ವೇಷ ಕಟ್ಟಲೇ ಇಲ್ಲ.

ತಪ್ಪು ನನ್ನದೇ. ಸ್ಟೆಬಿಲೈಸೇಶನ್ ಮಾಡೋದು ಇಷ್ಟೇ: ಕೈ ಅಲುಗಿದ್ದನ್ನು ಗೈರೋ ಸೆನ್ಸರ್ ಗುರುತಿಸುತ್ತೆ, ಲೆನ್ಸಿನೊಳಗಿನ ಒಂದು ಗಾಜು ಅದಕ್ಕೆ ವಿರುದ್ಧವಾಗಿ ಸರಿಯುತ್ತೆ. ಕ್ಯಾನನ್ 1995ರಲ್ಲೇ ಇಂಥ ಎಸ್‌ಎಲ್‌ಆರ್ ಲೆನ್ಸ್ ತಂದಿತ್ತು. ಆದ್ರೆ ಎದುರಿಗಿರುವವರು ಗಿರ್ಕಿ ಹೊಡೆದರೆ ಅದಕ್ಕೇನೂ ಮಾಡೋಕಾಗಲ್ಲ. ಕುಣಿತ ನಿಲ್ಲಿಸೋಕೆ ಶಟರ್ ಬೇಗ ಮುಚ್ಚಬೇಕು, ಅದಕ್ಕೆ ಬೆಳಕು ಹೆಚ್ಚು ಬೇಕು.

ನನ್ನ ಝೂಮ್‌ನಲ್ಲಿ ಮಾವನನ್ನು ಹತ್ತಿರ ಎಳೆದಾಗ ಅಪರ್ಚರ್ ಎಫ್ 5.6. ಶಟರ್ 1/30. ಅದೇ ಬೆಳಕು, ಅದೇ ಐಎಸ್‌ಒ ಇಟ್ಟುಕೊಂಡು ಎಫ್ 2ಕ್ಕೆ ಬಂದರೆ ಸುಮಾರು ಎಂಟು ಪಟ್ಟು ಬೆಳಕು ಒಳಗೆ ಬರುತ್ತೆ, ಅಂದರೆ ಶಟರ್ 1/250. (ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಯಾರು ಹೀಗೆ ಉಲ್ಟಾ ಇಟ್ಟರೋ!) ಅದಕ್ಕೇ ಸ್ಟೆಬಿಲೈಸೇಶನ್ ಇಲ್ಲದ, 50 ಎಂಎಂ ಎಫ್ 1.8ರ ಪುಟ್ಟ ಲೆನ್ಸ್ ಕೊಂಡೆ. ಅದಕ್ಕೂ ತೊಂದರೆ ಇದೆ: ಫೋಕಸ್ ಕಿರೀಟಕ್ಕೆ ಕೂತರೆ ಕಣ್ಣು ಮಸುಕು. ಝೂಮ್ ಇಲ್ಲ, ಎದ್ದು ಮುಂದೆ ಹೋಗಬೇಕು, ಹಿಂದಿನವರ ಬೈಗುಳ ತಿನ್ನಬೇಕು.

ಫೋನಿನವರಿಗೂ ಇದೇ ಲೆಕ್ಕ. ನೈಟ್ ಮೋಡ್ ಹಲವು ಫ್ರೇಮ್ ಸೇರಿಸುತ್ತೆ. ನಂದಿಗೆ ಸೈ, ಕುಣಿತಕ್ಕೆ ಆಗಲ್ಲ. ಪ್ರೊ ಮೋಡ್‌ನಲ್ಲಿ ಶಟರ್ 1/250 ಇಡಿ, ಮುಖ್ಯ ಕ್ಯಾಮೆರಾವನ್ನೇ ಬಳಸಿ. ಚಿತ್ರ ಸ್ವಲ್ಪ ಕಾಳು ಕಾಳಾದರೂ ಪರವಾಗಿಲ್ಲ.

ಈ ವರ್ಷ ಮಾವನ ಮಗ ವೇಷ ಕಟ್ಟಿದ. ಫೋಟೊ ತೋರಿಸಿದೆ. ಮಾವ ಕನ್ನಡಕ ಹಾಕ್ಕೊಂಡು ತುಂಬ ಹೊತ್ತು ನೋಡಿದ್ರು.

"ಕಾಲು ತಪ್ಪು ಹಾಕಿದ್ದ ನೋಡು ಇಲ್ಲಿ" ಅಂದ್ರು.