ನೀಲಿ ಬೆಳಕಿನ ಎರಡು ತಟ್ಟೆಗಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಇಪ್ಪತ್ತು ವರ್ಷದ ಹಿಂದೆ ಮದುವೆಯಾದವರ ಮನೆಯ ಬೀರು ತೆಗೆದು ನೋಡಿ. ಫೋಟೊ ಆಲ್ಬಮ್ಮಿನ ಪಕ್ಕದಲ್ಲಿ ಎರಡು-ಮೂರು ಡಿಸ್ಕ್‌ಗಳು ಸಿಗುವ ಸಾಧ್ಯತೆ ಹೆಚ್ಚು. ಕೆಲವು ವಿಸಿಡಿ, ಕೆಲವು ಡಿವಿಡಿ. ಕಣ್ಣಿಗೆ ಎರಡೂ ಒಂದೇ: 12 ಸೆಂ.ಮೀ. ಅಗಲ, 1.2 ಮಿ.ಮೀ. ದಪ್ಪ. ಟಿವಿ ಕೆಳಗಿನ ಪ್ಲೇಯರಿಗೆ ಯಾವುದನ್ನು ಹಾಕಿದರೂ ಓಡುತ್ತಿತ್ತು. ಹಾಗಾಗಿ ಅವು ಬೇರೆ ಬೇರೆ ಜಾತಿಯವು ಎಂದು ಹೆಚ್ಚಿನವರು ಯೋಚಿಸಲೇ ಇಲ್ಲ. ಆದರೆ ಆ ಪ್ಲೇಯರಿನೊಳಗೆ ಎರಡು ಬಗೆಯ ಲೇಸರ್ ಬೆಳಕಿತ್ತು. ಡಿವಿಡಿಗೆ ಕಣ್ಣಿಗೆ ಕಾಣುವ ಕೆಂಪು, ವಿಸಿಡಿಗೆ ಕಣ್ಣಿಗೆ ಕಾಣದ ಅವಕೆಂಪು. ಡಿಸ್ಕ್ ಯಾವುದೆಂದು ಯಂತ್ರ ತಾನೇ ಗುರುತಿಸಿ, ತಕ್ಕ ಬೆಳಕನ್ನು ಹಚ್ಚಿಕೊಳ್ಳುತ್ತಿತ್ತು.

ಇಂಥ ಯಂತ್ರದ ಬೆಲೆ ಗೊತ್ತಾಗುವುದು ಅದು ಇಲ್ಲದಾಗ. 2006ರಿಂದ 2008ರವರೆಗೆ ಜಗತ್ತಿನ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಗಳು ಎರಡು ಬಣಗಳಾಗಿ ಒಡೆದು, ಹೈ-ಡೆಫಿನಿಷನ್ ಸಿನಿಮಾಕ್ಕೆಂದು ಒಂದಕ್ಕೊಂದು ಹೊಂದದ ಎರಡು ಡಿಸ್ಕ್‌ಗಳನ್ನು ತಂದವು: ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ. ಒಂದರ ಪ್ಲೇಯರಿನಲ್ಲಿ ಇನ್ನೊಂದು ಓಡುತ್ತಿರಲಿಲ್ಲ. ಎರಡನ್ನೂ ಓದುವ ಯಂತ್ರ ಬಂತು, ಆದರೆ ತಡವಾಗಿ, ದುಬಾರಿಯಾಗಿ. ಆ ಜಗಳದ ವಿಜ್ಞಾನ ತಿಳಿದುಕೊಂಡರೆ ನಮ್ಮ ಬೀರುವಿನ ಡಿಸ್ಕ್‌ಗಳನ್ನು ಏನು ಮಾಡಬೇಕೆಂಬುದೂ ತಿಳಿಯುತ್ತದೆ. ಓದುವ ಯಂತ್ರ ಇರುವವರೆಗೆ ಮಾತ್ರ ಡಿಸ್ಕ್‌ಗೆ ಬೆಲೆ.

ಡಿಸ್ಕ್‌ನೊಳಗೆ ಇರುವುದು ಮಧ್ಯದಿಂದ ಅಂಚಿನವರೆಗೆ ಸುರುಳಿಯಾಗಿ ಸಾಗುವ ಒಂದು ಸಾಲು. ಆ ಸಾಲಿನುದ್ದಕ್ಕೂ ಅತಿ ಸಣ್ಣ ಗುಳಿಗಳು, ಗುಳಿಗಳ ನಡುವೆ ಸಮತಟ್ಟು ಜಾಗ. ಸಮತಟ್ಟಿನ ಮೇಲೆ ಬಿದ್ದ ಲೇಸರ್ ಚೆನ್ನಾಗಿ ಪ್ರತಿಫಲಿಸುತ್ತದೆ, ಗುಳಿಯ ಮೇಲೆ ಬಿದ್ದದ್ದು ಮಂಕಾಗುತ್ತದೆ. ಈ ಏರಿಳಿತವನ್ನೇ ಯಂತ್ರ ಸೊನ್ನೆ ಮತ್ತು ಒಂದುಗಳಾಗಿ ಓದಿಕೊಂಡು ಚಿತ್ರ ಮತ್ತು ಧ್ವನಿಯನ್ನು ಕಟ್ಟುತ್ತದೆ. ಹೆಚ್ಚು ಮಾಹಿತಿ ತುಂಬಬೇಕೆಂದರೆ ಗುಳಿಗಳು ಸಣ್ಣದಾಗಬೇಕು, ಸಾಲುಗಳು ಹತ್ತಿರವಾಗಬೇಕು. ಮೆಕ್ಕೆಜೋಳದ ಹೊಲದಲ್ಲಿ ಸಾಲುಗಳನ್ನು ಹತ್ತಿರ ಬಿತ್ತಿದರೆ ಎಡೆಕುಂಟೆಯೂ ಕಿರಿದಾಗಬೇಕಲ್ಲವೇ? ಅಗಲದ ಕುಂಟೆ ಹೊಡೆದರೆ ಪಕ್ಕದ ಸಾಲಿನ ಪೈರೂ ಕಿತ್ತುಬರುತ್ತದೆ. ಡಿಸ್ಕ್‌ನಲ್ಲಿ ಕುಂಟೆಯ ಕೆಲಸ ಲೇಸರ್ ಬಿಂದುವಿನದು. ಬಿಂದು ದೊಡ್ಡದಾದರೆ ಪಕ್ಕದ ಸಾಲಿನ ಗುಳಿಯನ್ನೂ ಸೇರಿಸಿ ಓದಿಬಿಡುತ್ತದೆ.

ಬೆಳಕನ್ನು ಎಷ್ಟು ಸಣ್ಣ ಬಿಂದುವಾಗಿ ಕೂಡಿಸಬಹುದು ಎಂಬುದಕ್ಕೆ ಪ್ರಕೃತಿಯೇ ಹಾಕಿದ ಮಿತಿಯಿದೆ. ಬೆಳಕಿನ ತರಂಗಾಂತರ ಕಡಿಮೆಯಾದಷ್ಟೂ ಬಿಂದು ಸಣ್ಣದು. ಮಸೂರವು ಬೆಳಕನ್ನು ಎಷ್ಟು ಅಗಲ ಕೋನದಿಂದ ಬಾಗಿಸಿ ಒಂದೆಡೆ ಸೇರಿಸುತ್ತದೋ ಅಷ್ಟೂ ಬಿಂದು ಸಣ್ಣದು. ಈ ಕೋನದ ಅಳತೆಗೆ ಒಂದು ಅಂಕ ಕೊಡುತ್ತಾರೆ. ತರಂಗಾಂತರವನ್ನು ಈ ಅಂಕದಿಂದ ಭಾಗಿಸಿದರೆ ಬಿಂದುವಿನ ಅಗಲದ ಅಂದಾಜು ಸಿಗುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯ ಬೆಳಕು 780 ನ್ಯಾನೊಮೀಟರ್, ಮಸೂರದ ಅಂಕ 0.45, ಸಾಲುಗಳ ಅಂತರ 1.6 ಮೈಕ್ರಾನ್. ವಿಸಿಡಿಯೂ ಇದೇ ತಟ್ಟೆ, ಒಳಗೆ ತುಂಬಿದ್ದು ಮಾತ್ರ ವಿಡಿಯೊ. 1996ರ ಕೊನೆಗೆ ಜಪಾನಿನಲ್ಲಿ ಹೊರಬಂದ ಡಿವಿಡಿಗೆ 650 ನ್ಯಾನೊಮೀಟರ್ ಕೆಂಪು ಬೆಳಕು, ಅಂಕ 0.60, ಸಾಲುಗಳ ಅಂತರ 0.74 ಮೈಕ್ರಾನ್.

ಮುಂದಿನ ಹೆಜ್ಜೆಗೆ ನೀಲಿ ಬೆಳಕು ಬೇಕಿತ್ತು. ನೀಲಿ ಬೆಳಕು ಸೂಸುವ ಅರೆವಾಹಕ ದಶಕಗಟ್ಟಲೆ ವಿಜ್ಞಾನಿಗಳ ಕೈಗೆ ಸಿಕ್ಕಿರಲಿಲ್ಲ. ಗ್ಯಾಲಿಯಂ ನೈಟ್ರೈಡ್ ಎಂಬ ಹಠಮಾರಿ ಹರಳನ್ನು ಜಪಾನಿನ ಇಸಾಮು ಅಕಾಸಾಕಿ ಮತ್ತು ಹಿರೋಷಿ ಅಮಾನೊ ಒಂದು ಕಡೆ, ನಿಚಿಯಾ ಕಂಪನಿಯ ಷೂಜಿ ನಾಕಾಮುರಾ ಇನ್ನೊಂದು ಕಡೆ ಪಳಗಿಸಿದರು. ಪ್ರಖರ ನೀಲಿ ಎಲ್‌ಇಡಿ 1993ರಲ್ಲಿ ಬಂತು. ಕೆಲವೇ ವರ್ಷಗಳಲ್ಲಿ ಅದೇ ಹರಳಿನಿಂದ ಲೇಸರ್ ಕೂಡ ಹೊಮ್ಮಿತು. ಮೂವರಿಗೂ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಸಿಕ್ಕಿತು. ಇಂದು ಹಳ್ಳಿಯ ಬೀದಿಕಂಬದಲ್ಲಿ ಉರಿಯುವ ಬಿಳಿ ಎಲ್‌ಇಡಿ ದೀಪದ ಒಳಗೂ ಇರುವುದು ಇದೇ ನೀಲಿ.

ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಎರಡೂ ಬಳಸಿದ್ದು ಒಂದೇ 405 ನ್ಯಾನೊಮೀಟರ್ ಬೆಳಕನ್ನು. ವಿಡಿಯೊ ಕುಗ್ಗಿಸುವ ವಿಧಾನಗಳೂ ಒಂದೇ. ಬೇರೆಯಾದದ್ದು ಮಸೂರ. ಎಚ್‌ಡಿ ಡಿವಿಡಿಯ ಅಂಕ 0.65, ಬ್ಲೂ-ರೇಯದು 0.85. ಈಗ ಲೆಕ್ಕ ಹಾಕಿ ನೋಡಿ. ಡಿವಿಡಿಯ ಬಿಂದು 1083 ಎಂದುಕೊಂಡರೆ ಎಚ್‌ಡಿ ಡಿವಿಡಿಯದು 623, ಬ್ಲೂ-ರೇಯದು 476. ಬಿಂದುವಿನ ವಿಸ್ತೀರ್ಣದಲ್ಲಿ ಹೇಳುವುದಾದರೆ ಡಿವಿಡಿಯ ಒಂದು ಬಿಂದುವಿನ ಜಾಗದಲ್ಲಿ ಎಚ್‌ಡಿ ಡಿವಿಡಿಯವು ಮೂರು, ಬ್ಲೂ-ರೇಯವು ಐದಕ್ಕೂ ತುಸು ಹೆಚ್ಚು ಹಿಡಿಯುತ್ತವೆ. ಡಿವಿಡಿಯ ಒಂದು ಪದರದಲ್ಲಿ 4.7 ಜಿಬಿ. ಎಚ್‌ಡಿ ಡಿವಿಡಿಯಲ್ಲಿ 15 ಜಿಬಿ, ಬ್ಲೂ-ರೇಯಲ್ಲಿ 25 ಜಿಬಿ. ಪ್ರೌಢಶಾಲೆಯ ಭಾಗಾಕಾರದಿಂದಲೇ ಇಷ್ಟು ಹತ್ತಿರದ ಉತ್ತರ ಸಿಗುವುದು ಭೌತಶಾಸ್ತ್ರದ ಸೊಗಸು.

ಹಾಗಿದ್ದರೆ ಎಲ್ಲರೂ 0.85ನ್ನೇ ಏಕೆ ಆರಿಸಿಕೊಳ್ಳಲಿಲ್ಲ? ಅಗಲ ಕೋನಕ್ಕೆ ಬೆಲೆ ತೆರಬೇಕು. ಡಿಸ್ಕ್ ತಿರುಗುವಾಗ ಸ್ವಲ್ಪ ವಾಲಿದರೂ ಬಿಂದು ಕದಡುತ್ತದೆ. ಈ ದೋಷವು ಅಂಕದ ಘನಕ್ಕೂ, ಗುಳಿಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ದಪ್ಪಕ್ಕೂ ತಕ್ಕಂತೆ ಬೆಳೆಯುತ್ತದೆ, ತರಂಗಾಂತರ ಕಡಿಮೆಯಾದಷ್ಟೂ ಹೆಚ್ಚುತ್ತದೆ. ಡಿವಿಡಿಯಲ್ಲಿ ಹೊದಿಕೆಯ ದಪ್ಪ 0.6 ಮಿ.ಮೀ. ಅದನ್ನೇ ಉಳಿಸಿಕೊಂಡು ನೀಲಿ ಬೆಳಕಿಗೆ 0.85ರ ಮಸೂರ ಹಾಕಿದ್ದರೆ ದೋಷ ಡಿವಿಡಿಯ ನಾಲ್ಕೂವರೆ ಪಟ್ಟಾಗುತ್ತಿತ್ತು. ಅದಕ್ಕೇ ಬ್ಲೂ-ರೇಯ ಎಂಜಿನಿಯರುಗಳು ಗುಳಿಗಳನ್ನು ಮೇಲ್ಮೈಯಿಂದ 0.1 ಮಿ.ಮೀ. ಆಳಕ್ಕೆ ತಂದರು. ಅದಕ್ಕೆ ಕಾರ್ಖಾನೆಗಳ ಯಂತ್ರಗಳೇ ಬದಲಾಗಬೇಕಿತ್ತು. ತೋಷಿಬಾ ಮತ್ತು ಎನ್‌ಇಸಿಯ ಎಚ್‌ಡಿ ಡಿವಿಡಿ 0.6 ಮಿ.ಮೀ.ಯನ್ನೇ ಉಳಿಸಿಕೊಂಡಿತು. ಡಿವಿಡಿ ಅಚ್ಚು ಹಾಕುತ್ತಿದ್ದ ಯಂತ್ರಗಳನ್ನೇ ಸ್ವಲ್ಪ ತಿದ್ದಿ ಅಗ್ಗವಾಗಿ ತಯಾರಿಸಬಹುದೆಂಬುದು ಅದರ ವಾದ.

ಜಗಳೂರಿನಂಥ ಒಣಭೂಮಿಯ ಮನೆಗಳಲ್ಲಿ ಈ ಆಳದ ಪ್ರಶ್ನೆ ದೂಳಿನ ಪ್ರಶ್ನೆಯೂ ಹೌದು. ಸಿಡಿಯ ಮೇಲ್ಮೈಯಲ್ಲಿ ಲೇಸರ್ ಸುಮಾರು 0.7 ಮಿ.ಮೀ. ಅಗಲವಾಗಿರುತ್ತದೆ, ಒಳಗೆ ಹೋದ ಮೇಲೆ ಬಿಂದುವಾಗುತ್ತದೆ. ಮೇಲೆ ಕೂತ ಸಣ್ಣ ಕಣ ಆ ಬೆಳಕಿನ ಒಂದಂಶವನ್ನು ಮಾತ್ರ ತಡೆಯುತ್ತದೆ. ಎಚ್‌ಡಿ ಡಿವಿಡಿಯಲ್ಲಿ ಈ ಅಗಲ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು. ಬ್ಲೂ-ರೇಯಲ್ಲಾದರೆ 0.13 ಮಿ.ಮೀ. ಆಸುಪಾಸು. ಅಲ್ಲಿ ಒಂದು ಗೀರು ಬಿದ್ದರೂ ಓದು ತಪ್ಪೀತು. ಅದಕ್ಕೇ ಮೊದಲ ಬ್ಲೂ-ರೇ ಡಿಸ್ಕ್‌ಗಳನ್ನು ಪ್ಲಾಸ್ಟಿಕ್ ಕವಚದೊಳಗೆ ಇಟ್ಟು ಮಾರುತ್ತಿದ್ದರು. ಗೀರು ಬೀಳದ ಗಟ್ಟಿ ಲೇಪ ಸಿದ್ಧವಾದ ಮೇಲೆ ಕವಚ ಹೋಯಿತು.

ಹೀಗೆ ಎರಡು ಬಣಗಳಿಗೂ ತಮ್ಮದೇ ನ್ಯಾಯವಿತ್ತು. ಆದರೂ ಒಪ್ಪಂದ ಅಸಾಧ್ಯವೇನೂ ಆಗಿರಲಿಲ್ಲ. ಡಿವಿಡಿ ಹುಟ್ಟುವಾಗಲೂ ಸೋನಿ-ಫಿಲಿಪ್ಸ್ ಒಂದು ಮಾದರಿ, ತೋಷಿಬಾ ಬಣ ಇನ್ನೊಂದು ಮಾದರಿ ಹಿಡಿದು ನಿಂತಿದ್ದವು. ಐಬಿಎಂ ಮುಂತಾದ ಕಂಪ್ಯೂಟರ್ ಕಂಪನಿಗಳು ಪಟ್ಟು ಹಿಡಿದದ್ದರಿಂದ 1995ರಲ್ಲಿ ರಾಜಿಯಾಗಿ ಜಗತ್ತಿಗೆಲ್ಲ ಒಂದೇ ಡಿವಿಡಿ ಸಿಕ್ಕಿತು. 2005ರಲ್ಲಿ ಮತ್ತೆ ಮಾತುಕತೆ ನಡೆಯಿತು, ಮುರಿಯಿತು. 2006ರ ಏಪ್ರಿಲ್‌ನಲ್ಲಿ ಅಮೆರಿಕದ ಅಂಗಡಿಗಳಿಗೆ ತೋಷಿಬಾದ ಎಚ್‌ಡಿ ಡಿವಿಡಿ ಪ್ಲೇಯರ್ ಬಂತು, ಜೂನ್‌ನಲ್ಲಿ ಸ್ಯಾಮ್‌ಸಂಗ್‌ನ ಬ್ಲೂ-ರೇ ಪ್ಲೇಯರ್. ಸಿನಿಮಾ ಕಂಪನಿಗಳೂ ಹಂಚಿಹೋದವು. ನೋಡಬೇಕೆಂದ ಚಿತ್ರ ಯಾವ ಡಿಸ್ಕ್‌ನಲ್ಲಿದೆಯೋ ಆ ಪ್ಲೇಯರನ್ನೇ ಕೊಳ್ಳಬೇಕಾದ ಸ್ಥಿತಿ. ನನ್ನ ಮಟ್ಟಿಗೆ ಇದು ಗ್ರಾಹಕನಿಗೆ ಮಾಡಿದ ಅನ್ಯಾಯ.

ಈ ಗೋಜಲಿಗೆ ಎಲ್‌ಜಿ ಕಂಪನಿ ಒಂದು ಉತ್ತರ ಕಂಡುಕೊಂಡಿತು. 2007ರ ಜನವರಿಯಲ್ಲಿ ಲಾಸ್ ವೇಗಸ್‌ನ ಪ್ರದರ್ಶನದಲ್ಲಿ ಅದು ಬಿಎಚ್100 ಎಂಬ ಪ್ಲೇಯರನ್ನು ತೋರಿಸಿತು. ಎರಡೂ ಡಿಸ್ಕ್‌ಗಳನ್ನು ಓದಬಲ್ಲ ಮೊದಲ ಗೃಹಬಳಕೆಯ ಯಂತ್ರ ಅದು. ಬೆಳಕು ಒಂದೇ ಆದದ್ದರಿಂದ ಕೆಲಸ ಸುಲಭ ಎನಿಸಬಹುದು. ಹಾಗಲ್ಲ. ಒಂದೇ ನೀಲಿ ಕಿರಣವನ್ನು ಒಮ್ಮೆ 0.1 ಮಿ.ಮೀ. ಆಳದಲ್ಲಿ 0.85ರ ಅಂಕದಲ್ಲಿ, ಇನ್ನೊಮ್ಮೆ 0.6 ಮಿ.ಮೀ. ಆಳದಲ್ಲಿ 0.65ರ ಅಂಕದಲ್ಲಿ ಕೂಡಿಸಬೇಕು. ಒಂದು ದಪ್ಪಕ್ಕೆಂದು ಅರೆದ ಮಸೂರ ಇನ್ನೊಂದು ದಪ್ಪದಲ್ಲಿ ಬಿಂದುವನ್ನು ಹರಡಿಬಿಡುತ್ತದೆ. ಜೊತೆಗೆ ಹಳೆಯ ಡಿವಿಡಿಗೆ ಕೆಂಪು ಕಿರಣ ಬೇರೆ ಬೇಕು. ಇದನ್ನೆಲ್ಲ ದಾಟಿದ ಮೇಲೆ ಮೆನುವಿನ ತಂತ್ರಾಂಶದ ತೊಡಕು. ಬ್ಲೂ-ರೇಯ ಮೆನು ಜಾವಾ ಭಾಷೆಯದು, ಎಚ್‌ಡಿ ಡಿವಿಡಿಯದು ಎಚ್‌ಡಿಐ ಎಂಬ ಬೇರೆ ವ್ಯವಸ್ಥೆ. ಬಿಎಚ್100 ಎಚ್‌ಡಿಐಯನ್ನು ಪೂರ್ತಿ ನಡೆಸುತ್ತಿರಲಿಲ್ಲ. ಸಿನಿಮಾ ಓಡುತ್ತಿತ್ತು, ಆದರೆ ಆ ಡಿಸ್ಕ್‌ನ ವಿಶೇಷ ಮೆನುಗಳು ಸಿಗುತ್ತಿರಲಿಲ್ಲ. ಬೆಲೆ 1199 ಡಾಲರ್. ಅಂದಿನ ದರದಲ್ಲಿ ಐವತ್ತು ಸಾವಿರ ರೂಪಾಯಿಗೂ ಮೇಲೆ. ಅದೇ ವರ್ಷದ ಕೊನೆಗೆ ಸ್ಯಾಮ್‌ಸಂಗ್ ತಂದ ಬಿಡಿ-ಯುಪಿ5000 ಎರಡೂ ಬಗೆಯ ಮೆನುಗಳನ್ನು ನಡೆಸುತ್ತಿತ್ತು. ವಾರ್ನರ್ ಕಂಪನಿ ಒಂದು ಮುಖದಲ್ಲಿ ಬ್ಲೂ-ರೇ, ಇನ್ನೊಂದು ಮುಖದಲ್ಲಿ ಎಚ್‌ಡಿ ಡಿವಿಡಿ ಇರುವ ಡಿಸ್ಕನ್ನೇ ಘೋಷಿಸಿತ್ತು. ಅದು ಅಂಗಡಿಗೆ ಬರಲೇ ಇಲ್ಲ.

2008ರ ಜನವರಿ 4ರಂದು ಅದೇ ವಾರ್ನರ್ ಬ್ಲೂ-ರೇ ಕಡೆ ವಾಲಿತು. ಫೆಬ್ರುವರಿ 19ರಂದು ತೋಷಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು. ಅಲ್ಲಿಯವರೆಗೆ ಎಚ್‌ಡಿ ಡಿವಿಡಿ ಕೊಂಡವರಿಗೆ ಉಳಿದದ್ದು ಹಳೆಯ ಪ್ಲೇಯರ್, ಇಲ್ಲವೇ ಎರಡನ್ನೂ ಓದುವ ಆ ಕೆಲವೇ ಯಂತ್ರಗಳು.

ದಾವಣಗೆರೆ ಜಿಲ್ಲೆಯ ನಮ್ಮ ತಾಲ್ಲೂಕುಗಳಿಗೆ ಈ ಯುದ್ಧದ ಬಿಸಿ ತಟ್ಟಲಿಲ್ಲ. ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಚನ್ನಗಿರಿಯ ಬೆಳೆಗಾರರೊಬ್ಬರು ಅಷ್ಟು ಬೆಲೆಯ ಪ್ಲೇಯರ್ ಕೊಳ್ಳಬಲ್ಲವರಾಗಿದ್ದರೂ ಕೊಂಡು ಪ್ರಯೋಜನವಿರಲಿಲ್ಲ. ಅದೇ 2007ರಲ್ಲಿ ಮೋಸರ್ ಬೇಯರ್ ಎಂಬ ಭಾರತೀಯ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರುಮಾಡಿತ್ತು. ಮನೆಯಲ್ಲಿದ್ದದ್ದು ದಪ್ಪ ಗಾಜಿನ ಹಳೆಯ ಟಿವಿ. ಅದು ತೋರಿಸಬಲ್ಲದ್ದು 576 ಗೆರೆ, ಡಿವಿಡಿಯಲ್ಲಿ ಇದ್ದದ್ದೂ ಅಷ್ಟೇ. 1080 ಗೆರೆಗಳ ಡಿಸ್ಕ್ ತಂದು ಹಾಕಿದರೂ ಹೆಚ್ಚಿನದೇನೂ ಕಾಣುತ್ತಿರಲಿಲ್ಲ.

ತೆಳು ಟಿವಿ ಬಂದ ಮೇಲೂ ನಮ್ಮ ಕಣ್ಣಿಗೆ ಒಂದು ಮಿತಿಯಿದೆ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕಿಂತ ಸಣ್ಣ ಕೋನದಲ್ಲಿರುವ ಎರಡು ಗೆರೆಗಳನ್ನು ಸಾಮಾನ್ಯ ಕಣ್ಣು ಬೇರೆ ಬೇರೆಯಾಗಿ ಗುರುತಿಸದು. 32 ಇಂಚಿನ ಟಿವಿಯ ಎತ್ತರ ಸುಮಾರು 40 ಸೆಂ.ಮೀ. ಡಿವಿಡಿಯ 576 ಗೆರೆಗಳು ಅದರಲ್ಲಿ ಎಂಟು ಅಡಿ ದೂರಕ್ಕೆ ಒಂದಾಗಿ ಬೆರೆತು ಕಾಣುತ್ತವೆ. 1080 ಗೆರೆಗಳ ಪೂರ್ತಿ ಲಾಭ ಬೇಕಾದರೆ ನಾಲ್ಕು ಅಡಿಗೆ ಕೂರಬೇಕು. ಪಡಸಾಲೆಯ ಗೋಡೆಗೆ ಒರಗಿ ಕೂತು ನೋಡುವವರಿಗೆ ಡಿವಿಡಿ ಸಾಕಾಗಿತ್ತು. 55 ಇಂಚಿನ ಟಿವಿಯಲ್ಲಾದರೆ ಏಳು ಅಡಿಯಿಂದಲೇ 1080ರ ಸೊಗಸು ಸಿಗುತ್ತದೆ. ಅಷ್ಟು ದೊಡ್ಡ ಟಿವಿಗಳು ಕೈಗೆಟಕುವ ಹೊತ್ತಿಗೆ ಸಿನಿಮಾ ಡಿಸ್ಕ್ ಬಿಟ್ಟು ಮೊಬೈಲಿಗೆ ಬಂದಿತ್ತು.

ಗೆದ್ದ ಬ್ಲೂ-ರೇಯೂ ಈಗ ಮುಗಿಯುತ್ತಿದೆ. ಸ್ಯಾಮ್‌ಸಂಗ್ 2019ರಲ್ಲಿ ಅಮೆರಿಕಕ್ಕೆ ಹೊಸ ಬ್ಲೂ-ರೇ ಪ್ಲೇಯರ್ ತರುವುದನ್ನು ನಿಲ್ಲಿಸುವುದಾಗಿ ಹೇಳಿತು. ಬರೆಯಬಹುದಾದ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಕಾಣೆಯಾಗಿದೆ.

ಇದರ ಜೊತೆಗೆ ಡಿಸ್ಕ್‌ಗಳೂ ಮುಪ್ಪಾಗುತ್ತಿವೆ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್‌ನಲ್ಲಿ ಗುಳಿಗಳು ಅಚ್ಚಾಗಿರುತ್ತವೆ. ಮದುವೆ, ಊರ ಜಾತ್ರೆ, ಹಳ್ಳಿಯ ನಾಟಕಗಳನ್ನು ವಿಡಿಯೊದವರು ಬರೆದುಕೊಟ್ಟ ಡಿಸ್ಕ್‌ಗಳಲ್ಲಿ ಗುಳಿಗಳಿಲ್ಲ. ಅಲ್ಲಿ ಲೇಸರ್ ಒಂದು ಸಾವಯವ ಬಣ್ಣದ ಪದರವನ್ನು ಸುಟ್ಟು ಗುರುತು ಮಾಡಿರುತ್ತದೆ. ಬಿಸಿಲು, ಸೆಕೆ, ತೇವ ಮೂರೂ ಈ ಬಣ್ಣಕ್ಕೆ ವೈರಿ. ಜಗಳೂರಿನ ಬೇಸಿಗೆಯೂ, ಹೊನ್ನಾಳಿಯ ಹೊಳೆದಂಡೆಯ ತೇವವೂ ಅದಕ್ಕೆ ಒಳ್ಳೆಯದಲ್ಲ. ಇನ್ನೊಂದು ಮಾತು: ವಿಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಹೆಸರು ಬರೆಯುವ ಮುಖಕ್ಕೆ ಅಂಟಿಕೊಂಡು, ತೆಳ್ಳನೆಯ ಮೆರುಗಿನ ಕೆಳಗೆ. ಅಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ, ಅಂಟಿಸಿದ ಚೀಟಿ ಕಿತ್ತರೆ, ಪದರವೇ ಕಿತ್ತುಬರಬಹುದು. ಡಿವಿಡಿಯ ಪದರ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಇರುವುದರಿಂದ ತುಸು ಸುರಕ್ಷಿತ.

ಆದ್ದರಿಂದ ಬೀರುವಿನ ಡಿಸ್ಕ್‌ಗಳನ್ನು ಈ ತಿಂಗಳೇ ಹೊರತೆಗೆಯಿರಿ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ಉಜ್ಜಬೇಡಿ. ಯುಎಸ್‌ಬಿಯಿಂದ ಜೋಡಿಸುವ ಡಿವಿಡಿ ಡ್ರೈವ್ ಇನ್ನೂ ಸಿಗುತ್ತದೆ. ವಿಸಿಡಿ, ಡಿವಿಡಿ ಎರಡನ್ನೂ ಅದು ಓದುತ್ತದೆ. ವಿಸಿಡಿಯಲ್ಲಿ ಎಂಪಿಇಜಿಎವಿ ಎಂಬ ಫೋಲ್ಡರಿನ ಡ್ಯಾಟ್ ಕಡತಗಳನ್ನು, ಡಿವಿಡಿಯಲ್ಲಿ ವಿಡಿಯೊ_ಟಿಎಸ್ ಫೋಲ್ಡರನ್ನು ಇಡಿಯಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ವಿಎಲ್‌ಸಿ ಪ್ಲೇಯರಿನಲ್ಲಿ ಎರಡೂ ಓಡುತ್ತವೆ. ಒಂದು ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗನ ಅಥವಾ ಮಗಳ ಹತ್ತಿರ ಇರಲಿ. ಮನೆಯ ಹಳೆಯ ಪ್ಲೇಯರ್ ಇನ್ನೂ ನಡೆಯುತ್ತಿದ್ದರೆ ಗುಜರಿಗೆ ಕೊಡಬೇಡಿ.