ರಕ್ತ ಕೇಳಿದರು, ಯೋಗಕ್ಷೇಮ ಕೇಳಲಿಲ್ಲ

ನವಿ ಮುಂಬೈಯ ಸೀವುಡ್ಸ್‌ನಿಂದ ಕಲ್ಯಾಣಕ್ಕೆ ಹೋಗಬೇಕೆಂದರೆ ನೆರೂಳಿನಲ್ಲಿ ಠಾಣೆಯ ಲೋಕಲ್ ಹಿಡಿಯಬೇಕು, ಠಾಣೆಯಲ್ಲಿ ಇಳಿದು ಮತ್ತೊಂದು ಗಾಡಿ ಹತ್ತಬೇಕು. ಪಾಮ್ ಬೀಚ್ ರಸ್ತೆಯ ಈ ಭಾಗದಲ್ಲಿ ಆಸ್ಪತ್ರೆಗಳಿಗೇನೂ ಬರವಿಲ್ಲ. ಆದರೆ ಹಾರ್ಮೋನ್ ಬಗ್ಗೆ ಮುಜುಗರವಿಲ್ಲದೆ ಕೇಳಬೇಕೆಂದ ಟ್ರಾನ್ಸ್‌ಜೆಂಡರ್ ಒಬ್ಬರಿಗೆ ತಮ್ಮವರಿಗೆಂದೇ ತೆರೆದ ಜಾಗ ಇದ್ದದ್ದು ಕಲ್ಯಾಣದಲ್ಲಿ: ‘ಮಿತ್ರ್’ ಕ್ಲಿನಿಕ್. 2021ರಲ್ಲಿ ಹೈದರಾಬಾದಿನಲ್ಲಿ ಮೊದಲ ಮಿತ್ರ್ ಶುರುವಾಯಿತು. ಕಲ್ಯಾಣ, ಪುಣೆಗಳದು ಆಮೇಲೆ ಬಂದವು. ಹಣ ಅಮೆರಿಕ ಸರ್ಕಾರದ್ದು, ಉಸ್ತುವಾರಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ್ದು. ಸಿಬ್ಬಂದಿಯಲ್ಲಿ ಸಮುದಾಯದವರೂ ಇದ್ದರು. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದದ್ದೇ ತಡ, ಮೂರಕ್ಕೂ ಬೀಗ ಬಿತ್ತು. ಹೈದರಾಬಾದಿನದು ಮಾತ್ರ ಟಾಟಾ ಟ್ರಸ್ಟ್ಸ್ ನೆರವಿನಿಂದ ‘ಸಬ್‌ರಂಗ್’ ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು.

ಹೋದದ್ದು ಚಿಕಿತ್ಸೆಯಷ್ಟೇ ಅಲ್ಲ, ತಿಳಿವಳಿಕೆಯೂ. ಒಬ್ಬರೇ ವ್ಯಕ್ತಿ ವರ್ಷಗಟ್ಟಲೆ ಒಂದೇ ಬಾಗಿಲಿಗೆ ಬಂದರೆ ಮಾತ್ರ ಹಾರ್ಮೋನು ಅವರ ಮೂಳೆಗೆ, ಹೃದಯಕ್ಕೆ, ಮನಸ್ಸಿಗೆ ಏನು ಮಾಡಿತೆಂದು ಗೊತ್ತಾಗುವುದು.

ನಮ್ಮಲ್ಲಿ ಈ ಸಮುದಾಯದ ಕುರಿತ ಆರೋಗ್ಯ ಸಂಶೋಧನೆಗೆ ಹಣ ಬಂದದ್ದೇ ಬಹುಪಾಲು ಎಚ್‌ಐವಿಯ ಹೆಸರಿನಲ್ಲಿ. ಅದಕ್ಕೆ ಕಾರಣವೂ ಇತ್ತು: 2017ರ ರಾಷ್ಟ್ರೀಯ ಕಣ್ಗಾವಲು ಸಮೀಕ್ಷೆಯಲ್ಲಿ ಹಿಜ್ರಾ ಮತ್ತು ಟ್ರಾನ್ಸ್ ಮಹಿಳೆಯರಲ್ಲಿ ಸೋಂಕು ಶೇ 3.14ರಷ್ಟು ಕಂಡಿತ್ತು, ದೇಶದ ಒಟ್ಟು ವಯಸ್ಕರಲ್ಲಿ ಅದು ಶೇ 0.22ರ ಆಸುಪಾಸಿನಲ್ಲಿತ್ತು. ಆದರೆ ಕಾಂಡೋಮ್ ಬಳಸಿದಿರಾ, ರಕ್ತ ಪರೀಕ್ಷೆ ಆಯಿತೇ ಎಂಬಲ್ಲಿಗೇ ಪ್ರಶ್ನೆಗಳು ಹೆಚ್ಚಾಗಿ ನಿಂತುಬಿಟ್ಟವು. ರಾತ್ರಿ ನಿದ್ದೆ ಬರುತ್ತದೆಯೇ, ಸಂಗಾತಿ ಹೊಡೆಯುತ್ತಾರೆಯೇ, ಅರವತ್ತು ದಾಟಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದವರು ಕಡಿಮೆ. ಟ್ರಾನ್ಸ್ ಪುರುಷರಂತೂ ಈ ಲೆಕ್ಕದೊಳಗೇ ಬರಲಿಲ್ಲ. ರೋಗ ಹರಡುವ ಭಯ ಇದ್ದಲ್ಲಷ್ಟೇ ಕುತೂಹಲ ಹುಟ್ಟಿದರೆ ಆಗುವುದು ಹೀಗೆಯೇ.

ಕೇಳದೆ ಬಿಟ್ಟದ್ದಕ್ಕೆ ದೇಹ ಬೆಲೆ ತೆರುತ್ತದೆ. ವೈದ್ಯರ ಬಳಿ ಹೋಗಲು ಅಂಜುವವರು ಮೆಡಿಕಲ್ ಶಾಪಿನಿಂದ ಹಾರ್ಮೋನಿಗಾಗಿ ಗರ್ಭನಿರೋಧಕ ಮಾತ್ರೆ ಕೊಂಡು, ಹಿರಿಯ ಚೇಲಾ (ಹಿಜ್ರಾ ಗುರುವಿನ ಶಿಷ್ಯೆ) ಹೇಳಿದ ಅಳತೆಯಲ್ಲಿ ನುಂಗುವುದುಂಟು. ಆ ಮಾತ್ರೆಗಳಲ್ಲಿರುವ ಎಥಿನೈಲ್ ಎಸ್ಟ್ರಾಡಯೋಲ್ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ. ಸಿಗರೇಟು ಸೇದುವವರಲ್ಲಿ ಇನ್ನಷ್ಟು.

ಸಂಶೋಧಕರ ಪಾಡೂ ಸುಲಭದ್ದಲ್ಲ ಅನ್ನಿ. 2011ರ ಜನಗಣತಿ ಮೊದಲ ಬಾರಿಗೆ ಗಂಡು, ಹೆಣ್ಣಿನ ಜೊತೆ ‘ಇತರೆ’ ಎಂಬ ಆಯ್ಕೆ ಕೊಟ್ಟಾಗ ದೇಶದಲ್ಲಿ ಸಿಕ್ಕವರು 4,87,803. ಮಹಾರಾಷ್ಟ್ರದಲ್ಲಿ 40,891, ಕರ್ನಾಟಕದಲ್ಲಿ 20,266. ಗಣತಿದಾರರು ಮನೆಯ ಹೊಸ್ತಿಲಲ್ಲಿ ನಿಂತು ಅಪ್ಪನನ್ನು ಕೇಳಿದರೆ ಮಗಳಾದ ಮಗನ ಬಗ್ಗೆ ಯಾವ ಅಪ್ಪ ಬಾಯಿಬಿಟ್ಟಾನು? ಹಾಗಾಗಿ ಸಂಶೋಧಕರು ಒಬ್ಬರಿಂದ ಇನ್ನೊಬ್ಬರ ಪರಿಚಯ ಹಿಡಿದು ಹೋಗುತ್ತಾರೆ. ಹಿಜ್ರಾಗಳು ಒಟ್ಟಾಗಿ ಬಾಳುವ ಬೆಂಗಳೂರಿನ ಹಮಾಮ್‌ಗಳಾಗಲಿ, ಅವರ ಪಂಚಾಯಿತಿಯಂಥ ಮುಂಬೈಯ ಜಮಾತ್‌ಗಳಾಗಲಿ, ಗುರುವಿನ ಒಪ್ಪಿಗೆಯಿಲ್ಲದೆ ಒಳಗೆ ಮಾತು ಹುಟ್ಟುವುದು ಕಷ್ಟ. ಆ ದಾರಿಯಲ್ಲೂ ಗುರು-ಚೇಲಾ ವ್ಯವಸ್ಥೆಯ ಹೊರಗಿರುವವರು, ಫ್ಲಾಟಿನಲ್ಲಿ ಒಬ್ಬಂಟಿಯಾಗಿರುವವರು ತಪ್ಪಿಹೋಗುತ್ತಾರೆ.

ಬೇರೆ ಬಗೆಯ ಹುಡುಕಾಟಕ್ಕೆ ಬೆಂಗಳೂರು ಒಳ್ಳೆಯ ಉದಾಹರಣೆ. 2003ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ ನಗರದ ಕೋತಿ (ಹೆಣ್ಣಿನ ಹಾವಭಾವದ ಗಂಡಸರು) ಮತ್ತು ಹಿಜ್ರಾ ಲೈಂಗಿಕ ಕಾರ್ಮಿಕರ ಬಗ್ಗೆ ತಂದ ವರದಿ, ಸೋಂಕಿನ ಅಂಕಿಗೆ ಬದಲು ಪೊಲೀಸರ ಹಿಂಸೆಯನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಿತು. ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ಕೆಲಸ ಮಾಡುವ ‘ಸಂಗಮ’ ಸಂಸ್ಥೆಯಲ್ಲಿ ದುಡಿದ ಎ. ರೇವತಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸ್ವತಃ ಹಿಜ್ರಾ ಆಗಿರುವ ಅವರು ದಕ್ಷಿಣ ಭಾರತದ ಹಿಜ್ರಾಗಳನ್ನು ಮಾತನಾಡಿಸಿ 2004ರಲ್ಲಿ ‘ಉಣರ್ವುಂ ಉರುವಮುಂ’ ಎಂಬ ತಮಿಳು ಪುಸ್ತಕ ತಂದರು. ತಮ್ಮ ಕಥೆ ಬರೆದದ್ದು ಆಮೇಲೆ. ಅದು ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಆಯಿತು, ಹೆಗ್ಗೋಡಿನ ಜನಮನದಾಟ ರಂಗತಂಡ ಅದನ್ನು ರಂಗಕ್ಕೆ ತಂದಿತು. ಪ್ರೀತಿ, ಮದುವೆ, ಕೈಬಿಟ್ಟು ಹೋದ ಸಂಗಾತಿ, ತವರಿನ ಹಂಬಲ ಎಲ್ಲವೂ ಅಲ್ಲಿದೆ. ಯಾವ ಪ್ರಶ್ನಾವಳಿಯ ಚೌಕಕ್ಕೂ ಸಿಕ್ಕದ ಮಾಹಿತಿ ಅದು.

ಸಂಬಂಧದ ಪ್ರಶ್ನೆ ಆಸ್ಪತ್ರೆಗೇ ಬಂದು ನಿಲ್ಲುತ್ತದೆ. ಗುರು ಹಾಸಿಗೆ ಹಿಡಿದಾಗ ಶುಶ್ರೂಷೆ ಮಾಡುವವರು ಚೇಲಾಗಳು. ಫಾರಂ ಕೇಳುವುದು ರಕ್ತಸಂಬಂಧಿಯ ಸಹಿಯನ್ನು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ನಿರಾಕರಿಸಿತಾದರೂ, ಗಂಡು-ಹೆಣ್ಣಿನ ಸಂಬಂಧದಲ್ಲಿರುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಈಗಿನ ಕಾನೂನಿನಡಿಯಲ್ಲೇ ಮದುವೆಯಾಗಬಹುದು ಎಂದಿತು. ಗುರು-ಚೇಲಾ ಬಾಂಧವ್ಯಕ್ಕೆ ಆ ತೀರ್ಪಿನಿಂದ ಹೊಸ ಹೆಸರೇನೂ ಸಿಗಲಿಲ್ಲ.

ಕರ್ನಾಟಕ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಸಮೀಕ್ಷೆಯನ್ನು ಕೈಗೆತ್ತಿಕೊಂಡಿತು. ಪ್ರಶ್ನೆ ಕೇಳುವ ಕೆಲಸ ಸಮುದಾಯದವರಿಗೇ ಸಿಕ್ಕಿತು, ಸರಿ. ಜಾಗ ಮಾತ್ರ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳು. ಮನೆಯವರಿಗೆ ಇನ್ನೂ ಹೇಳಿಕೊಳ್ಳದ ಇಪ್ಪತ್ತರ ಟ್ರಾನ್ಸ್ ಹುಡುಗನೊಬ್ಬ, ಊರಿನ ಅರ್ಧ ಜನ ಸರದಿಯಲ್ಲಿ ನಿಂತಿರುವ ಆ ಆಸ್ಪತ್ರೆಗೆ ತಾನಾಗಿ ನಡೆದು ಬರುವನೇ ಎಂಬುದು ಸಮೀಕ್ಷೆಯ ಫಲಿತಾಂಶ ಓದುವವರೂ ಕೇಳಿಕೊಳ್ಳಬೇಕಾದ ಪ್ರಶ್ನೆ.