ಎರಡು ಮಾರುಕಟ್ಟೆಗಳ ನಡುವಿನ ಕೇಳುಗರು: ಕೊಯಮತ್ತೂರು ಸೀಮೆಯ ಕನ್ನಡಿಗರು ಮತ್ತು ಜನಪ್ರಿಯ ಸಂಗೀತ

ಜನಪ್ರಿಯ ಸಂಗೀತದ ಸಾಮಾಜಿಕ ಪ್ರಭಾವವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತವೆ. ಗಾಯಕನು ತನ್ನ ಅಭಿಮಾನಿಗಳ ನಡೆನುಡಿಯನ್ನು ಹೇಗೆ ಪ್ರಭಾವಿಸುತ್ತಾನೆ ಎಂಬುದು ಮೊದಲನೆಯದು. ಉದ್ಯಮವು ಜನರ ಅಭಿರುಚಿಯನ್ನು ಹೇಗೆ ರೂಪಿಸುತ್ತದೆ ಎಂಬುದು ಎರಡನೆಯದು. ಭಾಷಾ ಅಲ್ಪಸಂಖ್ಯಾತರ ಮಟ್ಟಿಗೆ ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಸಂಗೀತ ಉದ್ಯಮವು ಯಾರನ್ನು ತನ್ನ ಕೇಳುಗರೆಂದು ಎಣಿಸುತ್ತದೆ? ತಮಿಳುನಾಡಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕನ್ನಡಿಗರ ಸ್ಥಿತಿ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುತ್ತದೆ.

ಈ ಸೀಮೆಯ ಆಡಳಿತ ಚರಿತ್ರೆಯನ್ನು ಮೊದಲು ಗಮನಿಸಬೇಕು. ಮದರಾಸು ಪ್ರಾಂತದ ಕಾಲದ ಕೊಯಮತ್ತೂರು ಜಿಲ್ಲೆ ಇಂದಿನದಕ್ಕಿಂತ ಬಹಳ ವಿಸ್ತಾರವಾಗಿತ್ತು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಅದರ ಭಾಗವಾಗಿದ್ದು, ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡವೇ ಹೆಚ್ಚಾಗಿ ಕೇಳಿಬರುವ ತಾಳವಾಡಿ ಪ್ರದೇಶ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1979ರಲ್ಲಿ ಈರೋಡು ಸೀಮೆ ಪ್ರತ್ಯೇಕ ಜಿಲ್ಲೆಯಾಯಿತು. 2009ರಲ್ಲಿ ತಿರುಪ್ಪೂರು ಜಿಲ್ಲೆ ರಚನೆಯಾಯಿತು. ಗಡಿಗಳು ಹೀಗೆ ಸರಿದರೂ ಮನೆಮಾತು ಸರಿಯಲಿಲ್ಲ. ದೇವಾಂಗ ನೇಕಾರರಲ್ಲಿ ಒಂದು ಭಾಗ, ಒಕ್ಕಲಿಗರು, ಅನುಪ್ಪ ಗೌಂಡರು ಮೊದಲಾದ ಸಮುದಾಯಗಳು ಇಂದಿಗೂ ಮನೆಯಲ್ಲಿ ಕನ್ನಡದ ಪ್ರಭೇದಗಳನ್ನು ಆಡುತ್ತವೆ. ಶಾಲೆ, ಕಚೇರಿ, ಮಗ್ಗದ ವ್ಯಾಪಾರ, ಗಿರಣಿ ಎಲ್ಲವೂ ತಮಿಳಿನಲ್ಲಿ ನಡೆಯುತ್ತವೆ. ಬರಹದ ಆಸರೆಯಿಲ್ಲದ ಇಂಥ ಮನೆಮಾತಿಗೆ ಹಾಡು, ಗಾದೆ, ಆಚರಣೆಯ ನುಡಿಗಳೇ ಆಧಾರ. ಆದ್ದರಿಂದ ಹಾಡಿನ ಲೋಕದಲ್ಲಿ ಆಗುವ ಬದಲಾವಣೆ ಇಲ್ಲಿ ಮನರಂಜನೆಯ ವಿಷಯವಷ್ಟೇ ಆಗಿ ಉಳಿಯುವುದಿಲ್ಲ.

ದಕ್ಷಿಣ ಭಾರತದ ಚಲನಚಿತ್ರ ಸಂಗೀತ ಬೆಳೆದ ಮುಖ್ಯ ನೆಲೆಗಳಲ್ಲಿ ಕೊಯಮತ್ತೂರೂ ಒಂದು. ಹತ್ತಿ ಗಿರಣಿಗಳ ಬಂಡವಾಳದ ಬೆಂಬಲದಿಂದ 1930ರ ದಶಕದಲ್ಲಿ ಸಿಂಗಾನಲ್ಲೂರಿನಲ್ಲಿ ಸೆಂಟ್ರಲ್ ಸ್ಟುಡಿಯೋ ಆರಂಭವಾಯಿತು. ಎಂ.ಕೆ. ತ್ಯಾಗರಾಜ ಭಾಗವತರ 'ಹರಿದಾಸ್' (1944) ಇಲ್ಲಿಯೇ ತಯಾರಾದ ಚಿತ್ರ. ಅದರ ನಿರ್ದೇಶಕ ಸುಂದರ ರಾವ್ ನಾಡಕರ್ಣಿ ಮಂಗಳೂರಿನವರು. ಮದರಾಸಿನ ಒಂದೇ ಚಿತ್ರಮಂದಿರದಲ್ಲಿ ಮೂರು ದೀಪಾವಳಿಗಳನ್ನು ಕಂಡ ಆ ಚಿತ್ರ, ಗಾಯಕನೊಬ್ಬ ಜನಸಮೂಹದ ಆರಾಧ್ಯನಾಗಬಲ್ಲನೆಂಬುದನ್ನು ತೋರಿಸಿಕೊಟ್ಟಿತು. ಜ್ಯೂಪಿಟರ್ ಸಂಸ್ಥೆ ಕೊಯಮತ್ತೂರಿನಲ್ಲಿದ್ದ ಕಾಲದಲ್ಲಿ ಪಾಲಕ್ಕಾಡು ಸೀಮೆಯ ಎಂ.ಎಸ್. ವಿಶ್ವನಾಥನ್ ಅಲ್ಲಿ ಸಣ್ಣಪುಟ್ಟ ಕೆಲಸದ ಹುಡುಗನಾಗಿ ಸೇರಿ, ಎಸ್.ಎಂ. ಸುಬ್ಬಯ್ಯ ನಾಯ್ಡು ಅವರ ಬಳಿ ಸಂಗೀತ ಸಂಯೋಜನೆಯ ಪಾಠಗಳನ್ನು ಕಲಿತರು. ಎಸ್.ಎಂ. ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ ಸ್ಟುಡಿಯೋ 'ಮಲೈಕ್ಕಳ್ಳನ್' (1954) ಚಿತ್ರವನ್ನು ನಿರ್ಮಿಸಿತು. ಅದೇ ಕಥೆಯನ್ನು ಶ್ರೀರಾಮುಲು ನಾಯ್ಡು ಅವರು ಹಿಂದಿಯಲ್ಲಿ 'ಆಜಾದ್' (1955) ಎಂದೂ ಕನ್ನಡದಲ್ಲಿ 'ಬೆಟ್ಟದ ಕಳ್ಳ' (1957) ಎಂದೂ ತೆರೆಗೆ ತಂದರು.

ಅಂದಿನ ಉದ್ಯಮದ ಕಾರ್ಯವಿಧಾನವೇ ಬಹುಭಾಷಿಕವಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. ವಾದ್ಯಗಾರರು, ಸಂಯೋಜಕರು, ತಂತ್ರಜ್ಞರು ಭಾಷೆಯಿಂದ ಭಾಷೆಗೆ ಸುಲಭವಾಗಿ ಚಲಿಸುತ್ತಿದ್ದರು. ಉದ್ಯಮದ ಕೇಂದ್ರ ಕೊಯಮತ್ತೂರಿನಿಂದ ಮದರಾಸಿಗೆ ಸರಿದ ಮೇಲೂ ಈ ಗುಣ ಮುಂದುವರಿಯಿತು. ಕನ್ನಡ ಚಿತ್ರಗೀತೆಗಳಲ್ಲಿ ಬಹುಪಾಲು ಮದರಾಸಿನಲ್ಲಿ ಧ್ವನಿಮುದ್ರಣಗೊಳ್ಳುತ್ತಿದ್ದವು; ಇಳಯರಾಜ ಅವರು ಸ್ವತಂತ್ರ ಸಂಯೋಜಕರಾಗುವ ಮೊದಲು ಕನ್ನಡದ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದರು. ಆದರೆ ತಯಾರಿಕೆ ಬಹುಭಾಷಿಕವಾಗಿದ್ದಾಗಲೂ ಮಾರಾಟ ಏಕಭಾಷಿಕವಾಗಿತ್ತು. ಚಿತ್ರದ ಹಂಚಿಕೆ, ಧ್ವನಿಮುದ್ರಿಕೆಯ ಪ್ರಚಾರ, ತಾರೆಯರ ಅಭಿಮಾನಿ ಸಂಘಗಳು ಎಲ್ಲವೂ 1956ರ ರಾಜ್ಯಗಳ ಗಡಿಗಳನ್ನು ಅನುಸರಿಸಿ ಬೆಳೆದವು. ಕೊಯಮತ್ತೂರಿನ ಕನ್ನಡಿಗ ತಮಿಳು ಮಾರುಕಟ್ಟೆಯ ಲೆಕ್ಕದಲ್ಲಿ ತಮಿಳು ಕೇಳುಗನಾದ. ಕನ್ನಡ ಮಾರುಕಟ್ಟೆಯ ಲೆಕ್ಕದಲ್ಲಿ ಆತನಿಗೆ ಸ್ಥಾನವಿರಲಿಲ್ಲ.

ಈ ವೈರುಧ್ಯ ಅತ್ಯಂತ ತೀವ್ರವಾಗಿ ಕಾಣಿಸುವುದು ಡಾ. ರಾಜ್‌ಕುಮಾರ್ ಅವರ ಬದುಕಿನಲ್ಲಿ. ಅವರು 1929ರ ಏಪ್ರಿಲ್ 24ರಂದು ಹುಟ್ಟಿದ ಗಾಜನೂರು ತಾಳವಾಡಿ ಸೀಮೆಯ ಹಳ್ಳಿ. ಆಗ ಅದು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಶಾಲೆಯನ್ನು ಪ್ರಾಥಮಿಕ ಹಂತದಲ್ಲಿಯೇ ಬಿಟ್ಟ ಅವರಿಗೆ ಭಾಷೆ ಮತ್ತು ಸಂಗೀತ ಎರಡನ್ನೂ ಕಲಿಸಿದ್ದು ವೃತ್ತಿರಂಗಭೂಮಿ. ಮೊದಲ ಎರಡು ದಶಕಗಳಲ್ಲಿ ಅವರ ಹಾಡಿನ ದನಿಯಾಗಿದ್ದವರು ಮುಖ್ಯವಾಗಿ ಪಿ.ಬಿ. ಶ್ರೀನಿವಾಸ್, ಕಾಕಿನಾಡ ಮೂಲದ ಅವರು ಹಲವು ಭಾಷೆಗಳಲ್ಲಿ ಹಾಡಿದವರು. 'ಸಂಪತ್ತಿಗೆ ಸವಾಲ್' (1974) ಚಿತ್ರದ ನಂತರ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. 'ಜೀವನ ಚೈತ್ರ' (1992) ಚಿತ್ರದ ಗಾಯನಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಅವರ ಉಚ್ಚಾರಣೆ ಕನ್ನಡಿಗರ ಕಿವಿಗೆ ಶುದ್ಧ ಕನ್ನಡದ ಮಾದರಿಯಾಯಿತು. ಓದಲು ಬಾರದವನಿಗೂ ಶಿಷ್ಟ ಕನ್ನಡವನ್ನು ತಲುಪಿಸಿದ್ದು ಆ ಹಾಡುಗಳ ದೊಡ್ಡ ಸಾಮಾಜಿಕ ಸಾಧನೆ. ಅದೇ ಹೊತ್ತಿಗೆ, ಗಾಜನೂರಿನ ಸುತ್ತಲಿನ ಆಡುನುಡಿ ಆ ಹಾಡುಗಳಲ್ಲಿ ಕೇಳಿಸುವುದಿಲ್ಲ ಎಂಬುದೂ ನಿಜ. ಗಡಿಸೀಮೆಯ ಮಗ ಕನ್ನಡದ ದನಿಯಾದ. ಗಡಿಸೀಮೆಯ ಕನ್ನಡ ಮಾತ್ರ ಹಾಡಿನ ಹೊರಗೆ ಉಳಿಯಿತು.

ಗಾಯಕ-ನಟನೊಬ್ಬ ಭಾಷೆಯ ಪ್ರತೀಕವಾದಾಗ ಅದರ ಪರಿಣಾಮ ರಾಜಕಾರಣಕ್ಕೂ ವ್ಯಾಪಿಸುತ್ತದೆ. 1982ರಲ್ಲಿ ರಾಜ್‌ಕುಮಾರ್ ಗೋಕಾಕ್ ಚಳವಳಿಯ ಮುಂಚೂಣಿಗೆ ಬಂದಾಗ, ಲೇಖಕರು ಮತ್ತು ಸಂಘಟನೆಗಳು ಕಟ್ಟಿದ್ದ ಹೋರಾಟ ಜನಸಾಗರದ ಚಳವಳಿಯಾಯಿತು. 2000ದ ಜುಲೈ 30ರಂದು ವೀರಪ್ಪನ್ ಅವರನ್ನು ಗಾಜನೂರಿನ ಮನೆಯಿಂದಲೇ ಅಪಹರಿಸಿದ. ನವೆಂಬರ್ 15ರವರೆಗಿನ ಆ 108 ದಿನಗಳಲ್ಲಿ, ಅಪಹರಣಕಾರನ ಬೇಡಿಕೆಗಳಲ್ಲಿ ಕಾವೇರಿ ವಿವಾದ, ಕರ್ನಾಟಕದ ಆಡಳಿತದಲ್ಲಿ ತಮಿಳಿನ ಸ್ಥಾನ, ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆ ಮುಂತಾದ ವಿಷಯಗಳು ಸೇರಿಕೊಂಡವು. ಕಲಾವಿದನೊಬ್ಬನ ದೇಹವೇ ಎರಡು ಭಾಷೆಗಳ ನಡುವಿನ ಒತ್ತೆಯಾದಂತಾಯಿತು. ಕರ್ನಾಟಕದ ತಮಿಳರೂ ತಮಿಳುನಾಡಿನ ಕನ್ನಡಿಗರೂ ಆ ದಿನಗಳ ಉದ್ವೇಗದ ಎದುರಿಗಿದ್ದರು. ತಾರೆಯ ಪ್ರಭಾವ ಬಹುಸಂಖ್ಯಾತರಲ್ಲಿ ಒಗ್ಗಟ್ಟಾಗಿ ಪ್ರಕಟವಾದಾಗ, ಗಡಿಯಾಚೆಯ ಸೋದರಭಾಷಿಕರಿಗೆ ಅದು ಆತಂಕವಾಗಿಯೂ ಒದಗಬಲ್ಲುದು.

ತಮಿಳಿನ ಕಡೆಯಿಂದಲೂ ಇದಕ್ಕೆ ಹೋಲುವ ನಿದರ್ಶನವನ್ನು ಕೊಯಮತ್ತೂರೇ ಒದಗಿಸುತ್ತದೆ. ಕೊಯಮತ್ತೂರಿನ ಆದಿ ಮತ್ತು ಅವರ ಜೊತೆಗಾರ ಜೀವಾ ನಡೆಸುವ 'ಹಿಪ್‌ಹಾಪ್ ತಮಿಳಾ' ತಂಡ 2016ರಲ್ಲಿ ಜಲ್ಲಿಕಟ್ಟನ್ನು ಬೆಂಬಲಿಸಿ 'ಟಕ್ಕರು ಟಕ್ಕರು' ಗೀತೆಯನ್ನು ಬಿಡುಗಡೆ ಮಾಡಿತು. 2017ರ ಜನವರಿಯ ಹೋರಾಟದಲ್ಲಿ ಕೊಯಮತ್ತೂರಿನ ವ.ಉ.ಚಿ. ಮೈದಾನವೂ ವಿದ್ಯಾರ್ಥಿಗಳಿಂದ ತುಂಬಿತು. ದೇಸಿ ಗೋತಳಿಗಳನ್ನು ಉಳಿಸಬೇಕೆಂಬುದು ಆ ಹೋರಾಟದ ಪ್ರಮುಖ ವಾದ. ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಎತ್ತು ತಮಿಳು ಅಸ್ಮಿತೆಯ ಚಿಹ್ನೆಯಾಗಿ ನಿಂತಿತು. ಗಮನಾರ್ಹವೆಂದರೆ, ಅದೇ ಕೊಂಗುನಾಡಿನ ಮತ್ತೊಂದು ಹೆಸರಾಂತ ತಳಿಯಾದ ಬರಗೂರು ದನಗಳನ್ನು ಈರೋಡು ಜಿಲ್ಲೆಯ ಬೆಟ್ಟಗಳಲ್ಲಿ ಸಾಕುತ್ತ ಬಂದವರು ಕನ್ನಡ ಮಾತನಾಡುವ ಲಿಂಗಾಯತರು. ಜನಪ್ರಿಯ ಗೀತೆ ಸಂಕೀರ್ಣ ವಾಸ್ತವವನ್ನು ಒಂದು ಘೋಷಕ್ಕೆ ಇಳಿಸುತ್ತದೆ. ಅದರ ಬಲವೂ ಮಿತಿಯೂ ಅಲ್ಲಿಯೇ ಇವೆ.

ಜನಪದ ಪರಂಪರೆಯೊಡನೆ ಉದ್ಯಮದ ಸಂಬಂಧವನ್ನೂ ಇದೇ ಹಿನ್ನೆಲೆಯಲ್ಲಿ ನೋಡಬೇಕು. ಹಳೆಯ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದ ಮಲೆ ಮಹದೇಶ್ವರ ಬೆಟ್ಟಕ್ಕೆ ಇಂದಿಗೂ ಎರಡೂ ರಾಜ್ಯಗಳ ಭಕ್ತರು ನಡೆದುಕೊಳ್ಳುತ್ತಾರೆ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದಪ್ಪನ ಕಾವ್ಯ ದೀಕ್ಷೆ, ಹರಕೆ, ಭಿಕ್ಷೆಗಳ ಸಂದರ್ಭಕ್ಕೆ ಕಟ್ಟುಬಿದ್ದದ್ದು. 'ಜನುಮದ ಜೋಡಿ' (1996) ಚಿತ್ರದಲ್ಲಿ ಈ ಪರಂಪರೆಯ ಹಾಡು ಕನ್ನಡನಾಡಿನಾದ್ಯಂತ ಮನೆಮಾತಾಯಿತು. 2020ರಲ್ಲಿ ರ‍್ಯಾಪ್ ಗಾಯಕ ಚಂದನ್ ಶೆಟ್ಟಿ ಅದೇ ಪರಂಪರೆಯ ಹಾಡನ್ನು ಹೊಸ ಬಗೆಯಲ್ಲಿ ಚಿತ್ರೀಕರಿಸಿದಾಗ, ಸಂಕಮ್ಮನ ಪಾತ್ರವನ್ನು ತೋರಿಸಿದ ರೀತಿಯ ಬಗ್ಗೆ ಭಕ್ತರು ಆಕ್ಷೇಪಿಸಿದರು. ಗಾಯಕ ಕ್ಷಮೆ ಕೋರಿದರು, ವಿಡಿಯೊ ಹಿಂತೆಗೆಯಲ್ಪಟ್ಟಿತು. ಈ ಪ್ರಕರಣವನ್ನು ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷವೆಂದಷ್ಟೇ ಓದಿದರೆ ಸಾಲದು. ಮೌಖಿಕ ಕಾವ್ಯಕ್ಕೆ ದಾಖಲೆಯಲ್ಲಿ ಒಡೆಯರಿಲ್ಲ, ಧ್ವನಿಮುದ್ರಿಕೆಗೆ ಒಡೆಯರಿದ್ದಾರೆ. ಸಮುದಾಯಕ್ಕೆ ಉಳಿದಿದ್ದ ದಾರಿ ಪ್ರತಿಭಟನೆಯೊಂದೇ. ಕರ್ನಾಟಕದಲ್ಲಿ ಆ ಪ್ರತಿಭಟನೆಗೆ ಸಂಖ್ಯಾಬಲವಿತ್ತು. ಕೊಯಮತ್ತೂರು, ತಿರುಪ್ಪೂರಿನ ಸಣ್ಣ ಸಮುದಾಯಗಳಿಗೆ ಅದೂ ಇಲ್ಲ.

ಉತ್ತರ ಭಾರತದ ಕ್ಯಾಸೆಟ್ ಉದ್ಯಮವನ್ನು ಅಧ್ಯಯನ ಮಾಡಿದ ಪೀಟರ್ ಮ್ಯಾನ್ಯುಯಲ್ ತಮ್ಮ 1993ರ ಗ್ರಂಥದಲ್ಲಿ, ಅಗ್ಗದ ತಂತ್ರಜ್ಞಾನ ಪ್ರಾದೇಶಿಕ ಮತ್ತು ಸಣ್ಣ ಪರಂಪರೆಗಳಿಗೂ ಮಾರುಕಟ್ಟೆ ತೆರೆದದ್ದನ್ನು ತೋರಿಸಿದ್ದಾರೆ. ಕನ್ನಡದಲ್ಲಿಯೂ 1978ರ 'ನಿತ್ಯೋತ್ಸವ' ಧ್ವನಿಸುರುಳಿ ಭಾವಗೀತೆಗೆ ಇಂಥದೇ ಹೊಸ ದಾರಿ ತೆರೆಯಿತು. ಆದರೆ ಅಗ್ಗದ ಕ್ಯಾಸೆಟ್ಟಿಗೂ ಕೊಳ್ಳುವವರ ಒಂದು ಕನಿಷ್ಠ ಸಂಖ್ಯೆ ಬೇಕು. ತನ್ನ ನುಡಿ ಮಾರಾಟಕ್ಕೆ ಯೋಗ್ಯವೆಂದು ನಂಬುವ ಸಮುದಾಯವೂ ಬೇಕು. ಬೆಂಗಳೂರಿನ ಕನ್ನಡವನ್ನು ಕೇಳಿ ತನ್ನ ಮನೆಮಾತು 'ಸರಿಯಾದ ಕನ್ನಡವಲ್ಲ' ಎಂದುಕೊಳ್ಳುವ, ತಮಿಳು ಗೀತೆಯನ್ನು ಕೇಳಿ ಅದು 'ಹೊರಗೆ ಆಡುವ ಮಾತಲ್ಲ' ಎಂದುಕೊಳ್ಳುವ ಯುವಕನಿಗೆ ಎರಡೂ ಮಾರುಕಟ್ಟೆಗಳು ಒಂದೇ ಪಾಠವನ್ನು ಕಲಿಸುತ್ತವೆ. ಮದುವೆಯ ಮನೆಯಲ್ಲಿ ಸೋಬಾನೆಯ ಜಾಗಕ್ಕೆ ಧ್ವನಿವರ್ಧಕ ಬರುವುದು ಹೀಗೆ.

ಮಾರುಕಟ್ಟೆ ಮುಟ್ಟದ ಒಂದು ಎಡೆ ಇನ್ನೂ ಉಳಿದಿದೆ. ಕೊಯಮತ್ತೂರಿನ ದೇವಾಂಗರು ವಿಜಯದಶಮಿಯಂದು ಚೌಡೇಶ್ವರಿ ಅಮ್ಮನ ಉತ್ಸವದಲ್ಲಿ ನಡೆಸುವ ಅಲಗು ಸೇವೆಯಲ್ಲಿ, ವೀರಕುಮಾರರು ಎದೆಗೆ ಕತ್ತಿ ತಾಕಿಸಿಕೊಳ್ಳುತ್ತ ತಾಯಿಯನ್ನು ಕರೆಯುವ ನುಡಿ ಇಂದಿಗೂ ಕುಲದ ಹಳೆಯ ನುಡಿಯೇ. ಅಲ್ಲಿ ನುಡಿಯನ್ನು ಬದಲಿಸಿದರೆ ಸೇವೆಯೇ ಕೆಡುತ್ತದೆಂಬ ನಂಬಿಕೆ ಭಾಷೆಯನ್ನು ಕಾದಿದೆ. ಆಚರಣೆ ಕಾಯುವುದು ಮಾತ್ರ ಕೆಲವೇ ನುಡಿಗಳನ್ನು, ದಿನನಿತ್ಯದ ಹಾಡನ್ನಲ್ಲ.

ಸಂಗೀತ ಉದ್ಯಮದ ಪ್ರಭಾವವನ್ನು ಈ ಜಿಲ್ಲೆಗಳಲ್ಲಿ ಅಳೆಯಬೇಕಾದರೆ ಅಭಿಮಾನಿ ಸಂಘಗಳನ್ನು ಎಣಿಸಿ ಪ್ರಯೋಜನವಿಲ್ಲ. ಹೆರಿಗೆ, ಮದುವೆ, ನಾಟಿ, ನೇಯ್ಗೆ, ಸಾವು ಎಂಬ ಒಂದೊಂದು ಸಂದರ್ಭದಲ್ಲಿಯೂ ಮೂರು ತಲೆಮಾರಿನವರು ಯಾವ ಭಾಷೆಯ ಯಾವ ಹಾಡನ್ನು ಹಾಡುತ್ತಾರೆ, ಯಾವುದನ್ನು ಕೇಳುತ್ತ ಸುಮ್ಮನಿರುತ್ತಾರೆ ಎಂಬುದನ್ನು ದಾಖಲಿಸಬೇಕು. ಆ ದಾಖಲೆಯ ಹಕ್ಕು ಹಾಡಿದವರ ಬಳಿಯೇ ಉಳಿಯಬೇಕು. ಅಜ್ಜಿಯರ ತಲೆಮಾರು ಇರುವಾಗಲೇ ಈ ಕೆಲಸ ಆಗಬೇಕಾಗಿದೆ. ಮುಂದಿನ ತಲೆಮಾರಿಗೆ ಹೋಲಿಸಿ ನೋಡಲು ಹಾಡೇ ಉಳಿದಿರುವುದಿಲ್ಲ.